ಕಾಲೇಜಿನ ವಿದ್ಯಾರ್ಥಿಸಭೆಗಳೂ ದೇಶಭಾಷೆಗಳೂ

ನಮ್ಮ ದೇಶದಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸವು ಬೇರೂರಿದ ಬಗೆಯನ್ನು ಕುರಿತು ಬರೆದಿರುವ ವಿದ್ವಾಂಸರು ಸಾಮಾನ್ಯವಾಗಿ ಸರ್ಕಾರದ ನಿರ್ಣಯಗಳನ್ನೂ ಪಠ್ಯಕ್ರಮಗಳನ್ನೂ ಪರೀಕ್ಷೆಗಳ ಫಲಿತಾಂಶಗಳನ್ನೂ ಆಧಾರವಾಗಿ ಇಟ್ಟುಕೊಂಡಿರುವರು. ಮೆಕಾಲೆಯ ೧೮೩೫ರ ಟಿಪ್ಪಣಿ, ವುಡ್ಡನ ೧೮೫೪ರ ಪತ್ರ, ೧೮೫೭ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು—ಇವು ನಮಗೆ ಚೆನ್ನಾಗಿ ಪರಿಚಿತವಾದ ಮೈಲಿಗಲ್ಲುಗಳು. ಆದರೆ ಪಾಠದ ಗಂಟೆ ಮುಗಿದ ಮೇಲೆ ವಿದ್ಯಾರ್ಥಿಗಳು ಎಲ್ಲಿ ಕೂಡುತ್ತಿದ್ದರು, ಏನನ್ನು ಕುರಿತು ಚರ್ಚಿಸುತ್ತಿದ್ದರು, ಯಾವ ಭಾಷೆಯಲ್ಲಿ ಚರ್ಚಿಸುತ್ತಿದ್ದರು ಎಂದು ಕೇಳಿದವರು ವಿರಳ. ತರಗತಿಯಲ್ಲಿ ವಿದ್ಯಾರ್ಥಿಯು ಕೇಳುಗನು. ಕಾಲೇಜಿನ ಜೀವನದಲ್ಲಿ ಅವನು ತಾನೇ ಕರ್ತೃವಾಗಿ ಭಾಗವಹಿಸುವ ಮೊದಲ ಸ್ಥಳವು ವಿದ್ಯಾರ್ಥಿಗಳ ಸಭೆ. ಇಂತಹ ಸಭೆಗಳ ಚರಿತ್ರೆಯನ್ನು ನೋಡುವವರಿಗೆ ಒಂದು ಅಂಶವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಅಲ್ಲಿ ಹುಟ್ಟಿದ ಆಲೋಚನೆಯು ಕಾಲೇಜಿನ ಗೋಡೆಯನ್ನು ದಾಟಿ ಊರನ್ನು ಸೇರಿತೇ ಇಲ್ಲವೇ ಎಂಬುದು ಆ ಸಭೆಯು ಯಾವ ಭಾಷೆಯನ್ನು ಆರಿಸಿಕೊಂಡಿತು ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿತ್ತು. ಕಲ್ಕತ್ತೆ, ಮುಂಬಯಿ, ಬೆಂಗಳೂರು ಈ ಮೂರು ಊರುಗಳ ನಿದರ್ಶನಗಳಿಂದ ಈ ಮಾತನ್ನು ಪರಿಶೀಲಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮಾದರಿಯು ಇಂಗ್ಲೆಂಡಿನಿಂದ ಬಂದುದೆಂಬುದರಲ್ಲಿ ಸಂದೇಹವಿಲ್ಲ. ಕೇಂಬ್ರಿಜ್ಜಿನ ಚರ್ಚಾಸಂಘವು ೧೮೧೫ರಲ್ಲಿಯೂ ಆಕ್ಸ್‌ಫರ್ಡಿನದು ೧೮೨೩ರಲ್ಲಿಯೂ ಹುಟ್ಟಿದವು. ಅಧ್ಯಕ್ಷ, ಕಾರ್ಯದರ್ಶಿ, ನಿರ್ಣಯ, ಪರ, ವಿರೋಧ, ಮತಗಣನೆ—ಈ ಕ್ರಮವೆಲ್ಲ ಅಲ್ಲಿಯದೇ. ಆದರೆ ಅಲ್ಲಿನ ತರುಣನು ಸಭೆಯಲ್ಲಿ ಆಡುತ್ತಿದ್ದುದು ಮನೆಯಲ್ಲಿ ತಾಯಿಯೊಡನೆ ಆಡುತ್ತಿದ್ದ ಭಾಷೆಯನ್ನೇ. ಅವನ ವಾದವನ್ನು ಒಪ್ಪದಿದ್ದರೂ ಊರಿನ ಅಂಗಡಿಯವನಿಗೆ ಅದು ಅರ್ಥವಾಗುತ್ತಿತ್ತು. ಅಲ್ಲಿ ಏಳದ ಪ್ರಶ್ನೆಯೊಂದು ಆ ಮಾದರಿಯು ಇಲ್ಲಿಗೆ ಬಂದೊಡನೆ ಎದ್ದಿತು.

ಕಲ್ಕತ್ತೆಯ ಹಿಂದೂ ಕಾಲೇಜು ೧೮೧೭ರ ಜನವರಿಯಲ್ಲಿ ಪ್ರಾರಂಭವಾಯಿತು. ೧೮೨೬ರಲ್ಲಿ ಅಲ್ಲಿಗೆ ಉಪಾಧ್ಯಾಯನಾಗಿ ಬಂದ ಹೆನ್ರಿ ಡಿರೋಜಿಯೋವಿಗೆ ಆಗ ಹದಿನೇಳು ವಯಸ್ಸು; ಅವನ ಕೆಲವು ಶಿಷ್ಯರು ಅವನಿಗಿಂತ ಎರಡು ಮೂರು ವರ್ಷ ಮಾತ್ರ ಕಿರಿಯರು. ೧೮೨೮ರ ಸುಮಾರಿಗೆ ಅವನ ಸುತ್ತ ನೆರೆದ ವಿದ್ಯಾರ್ಥಿಗಳು 'ಅಕಡೆಮಿಕ್ ಅಸೋಸಿಯೇಷನ್' ಎಂಬ ಸಭೆಯನ್ನು ಕಟ್ಟಿದರು. ಮೊದಲು ಡಿರೋಜಿಯೋವಿನ ಮನೆಯಲ್ಲಿಯೂ ಅನಂತರ ಮಾಣಿಕತಲಾದ ತೋಟದ ಮನೆಯೊಂದರಲ್ಲಿಯೂ ಅದು ಕೂಡುತ್ತಿತ್ತು. ಪುರುಷಪ್ರಯತ್ನ ಮತ್ತು ವಿಧಿ, ಸದ್ಗುಣ ದುರ್ಗುಣ, ದೇಶಪ್ರೇಮ, ದೇವರ ಅಸ್ತಿತ್ವದ ಪರವಾದ ಮತ್ತು ವಿರುದ್ಧವಾದ ವಾದಗಳು, ವಿಗ್ರಹಾರಾಧನೆ—ಇವು ಚರ್ಚೆಗೆ ಬಂದ ವಿಷಯಗಳು. ಗಡಿಯಾರ ಮಾಡುವ ಕಸುಬಿನಿಂದ ಬಂದು ಬಂಗಾಳದ ವಿದ್ಯಾಭ್ಯಾಸಕ್ಕೆ ತನ್ನನ್ನು ತೆತ್ತುಕೊಂಡ ಡೇವಿಡ್ ಹೇರನು ಬಂದು ಕುಳಿತು ಕೇಳುತ್ತಿದ್ದನು. ೧೮೩೦ರಲ್ಲಿ ವಿದ್ಯಾರ್ಥಿಗಳು 'ಪಾರ್ಥೆನಾನ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ಮೊದಲ ಸಂಚಿಕೆ ಹೊರಟ ಮೇಲೆ ಕಾಲೇಜಿನ ಹಿರಿಯರು ಅದನ್ನು ತಡೆದುಬಿಟ್ಟರು. ೧೮೩೧ರ ಏಪ್ರಿಲಿನಲ್ಲಿ ಡಿರೋಜಿಯೋ ಕೆಲಸವನ್ನು ಬಿಡಬೇಕಾಯಿತು. ಅದೇ ವರ್ಷದ ಡಿಸೆಂಬರ್ ೨೬ರಂದು ಅವನು ವಾಂತಿಭೇದಿಯಿಂದ ತೀರಿಕೊಂಡನು. ಆಗ ಅವನ ವಯಸ್ಸು ಇಪ್ಪತ್ತೆರಡು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಸನಾತನಿಗಳ ಕೋಪವು ಒಂದು ಜ್ಞಾನದೀಪವನ್ನು ಆರಿಸಿತೆಂದು ನಿಟ್ಟುಸಿರು ಬಿಡುವರು. ಕೋಪವೇನೋ ಇತ್ತು. ಆದರೆ ಆ ಕೋಪದ ಸ್ವರೂಪವನ್ನು ಸ್ವಲ್ಪ ಪರೀಕ್ಷಿಸಬೇಕು. ಸಭೆಯಲ್ಲಿ ನಡೆದ ವಾದವು ಇಂಗ್ಲಿಷಿನಲ್ಲಿ ನಡೆಯಿತು. ವಿದ್ಯಾರ್ಥಿಯ ತಂದೆಗೆ ಆ ವಾದವು ತಲುಪಿದುದು ವಾದವಾಗಿ ಅಲ್ಲ, ವದಂತಿಯಾಗಿ. ಮಗನು ದೇವರಿಲ್ಲವೆಂದನಂತೆ, ತಂದೆತಾಯಿಗಳನ್ನು ಗೌರವಿಸಬೇಕಾಗಿಲ್ಲವೆಂದನಂತೆ, ನಿಷಿದ್ಧವಾದುದನ್ನು ತಿಂದನಂತೆ—ಈ 'ಅಂತೆ'ಗಳೇ ಡಿರೋಜಿಯೋವಿನ ಮೇಲೆ ಹೊರಿಸಿದ ಆಪಾದನೆಗಳ ಸಾರ. ಅವನು ವಿಲ್ಸನ್ನನಿಗೆ ಬರೆದ ಉತ್ತರದಲ್ಲಿ, ದೇವರ ವಿಷಯದಲ್ಲಿ ಎರಡು ಪಕ್ಷಗಳನ್ನೂ ವಿದ್ಯಾರ್ಥಿಗಳ ಮುಂದೆ ಇಟ್ಟುದನ್ನು ಒಪ್ಪಿಕೊಂಡು ಉಳಿದ ಆಪಾದನೆಗಳನ್ನು ನಿರಾಕರಿಸಿದನು. ಎರಡು ಪಕ್ಷಗಳನ್ನೂ ಕೇಳಿ ತೂಗುವ ಸಂಪ್ರದಾಯವು ನಮ್ಮ ತರ್ಕಶಾಸ್ತ್ರಕ್ಕೆ ಹೊಸದೇನೂ ಅಲ್ಲ; ಪೂರ್ವಪಕ್ಷವನ್ನು ಹೇಳಿದವನನ್ನು ನಾಸ್ತಿಕನೆಂದು ಯಾವ ಪಂಡಿತನೂ ಓಡಿಸುತ್ತಿರಲಿಲ್ಲ. ಅದೇ ಚರ್ಚೆಯು ಬಂಗಾಳಿಯಲ್ಲಿ ನಡೆದು ಹಿರಿಯರ ಕಿವಿಗೆ ನೇರವಾಗಿ ಬಿದ್ದಿದ್ದರೆ ಅವರು ಒಪ್ಪುತ್ತಿದ್ದರೆಂದು ನಾವು ಹೇಳುವುದಿಲ್ಲ. ಉತ್ತರ ಕೊಡಲು ಯತ್ನಿಸುತ್ತಿದ್ದರೆಂಬುದಂತೂ ಸಂಭಾವ್ಯ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಅದೇ ಊರಿನಲ್ಲಿ, ಮರುವರ್ಷವೇ, ಒಂದು ನಿದರ್ಶನವು ದೊರೆಯುತ್ತದೆ. ರಾಮಮೋಹನ ರಾಯರು ಸ್ಥಾಪಿಸಿದ್ದ ಆಂಗ್ಲೋ-ಹಿಂದೂ ಶಾಲೆಯ ಹಳೆಯ ವಿದ್ಯಾರ್ಥಿಗಳು ೧೮೩೨ರ ಕೊನೆಯಲ್ಲಿ 'ಸರ್ವತತ್ತ್ವದೀಪಿಕಾ ಸಭಾ' ಎಂಬ ಸಂಘವನ್ನು ಕಟ್ಟಿದರು. ರಾಯರ ಮಗ ರಮಾಪ್ರಸಾದನು ಅಧ್ಯಕ್ಷ. ದೇವೇಂದ್ರನಾಥ ಠಾಕೂರನು ಕಾರ್ಯದರ್ಶಿ. ಈ ಹುಡುಗರು ಮೊದಲ ಸಭೆಯಲ್ಲಿಯೇ ಮಾಡಿಕೊಂಡ ನಿಯಮವು ಗಮನಾರ್ಹವಾದುದು: ಇಲ್ಲಿ ಬಂಗಾಳಿಯಲ್ಲದೆ ಬೇರೆ ಭಾಷೆಯಲ್ಲಿ ಮಾತನಾಡಕೂಡದು. ಡಿರೋಜಿಯೋವಿನ ಶಿಷ್ಯರ ಪ್ರತಿಭೆಯಾಗಲಿ ವಾಗ್ಮಿತೆಯಾಗಲಿ ಇವರಲ್ಲಿ ಇದ್ದಂತೆ ತೋರುವುದಿಲ್ಲ. ಸಭೆಯೂ ಬಹುಕಾಲ ಬಾಳಲಿಲ್ಲ. ಆದರೆ ಅದರ ಕಾರ್ಯದರ್ಶಿಯು ೧೮೩೯ರಲ್ಲಿ ತತ್ತ್ವಬೋಧಿನೀ ಸಭೆಯನ್ನು ಸ್ಥಾಪಿಸಿದನು. ೧೮೪೩ರಲ್ಲಿ ಅಕ್ಷಯಕುಮಾರ ದತ್ತರ ಸಂಪಾದಕತ್ವದಲ್ಲಿ 'ತತ್ತ್ವಬೋಧಿನೀ ಪತ್ರಿಕಾ' ಹೊರಟಿತು. ಬಂಗಾಳಿಯ ವಿಚಾರಪರವಾದ ಗದ್ಯವು ಆ ಪತ್ರಿಕೆಯಲ್ಲಿ ಎಷ್ಟು ಬೆಳೆಯಿತೆಂಬುದನ್ನು ಆ ಸಾಹಿತ್ಯದ ಚರಿತ್ರಕಾರರೆಲ್ಲರೂ ಹೇಳಿರುವರು. ಹದಿನೈದು ಹದಿನಾರು ವರ್ಷದ ಹುಡುಗನೊಬ್ಬನು ಸಭೆಯ ಪುಸ್ತಕದಲ್ಲಿ ಬರೆದಿಟ್ಟ ಒಂದು ನಿಯಮವು ಹನ್ನೊಂದು ವರ್ಷದ ಮೇಲೆ ಪತ್ರಿಕೆಯಾಯಿತೆಂದರೆ ಅತ್ಯುಕ್ತಿಯಾಗಲಾರದು.

ಡಿರೋಜಿಯೋವಿನ ಶಿಷ್ಯರೂ ಸುಮ್ಮನಿರಲಿಲ್ಲ. ೧೮೩೮ರಲ್ಲಿ ಅವರು 'ಸಾಮಾನ್ಯ ಜ್ಞಾನೋಪಾರ್ಜನ ಸಭೆ'ಯನ್ನು ಸ್ಥಾಪಿಸಿದರು. ತಾರಾಚಂದ ಚಕ್ರವರ್ತಿಗಳು ಅಧ್ಯಕ್ಷರು. ಇಲ್ಲಿ ಚರ್ಚೆಗಿಂತ ಲೇಖನಗಳಿಗೆ ಪ್ರಾಧಾನ್ಯ. ಇತಿಹಾಸ, ಭೂವಿವರಣೆ, ಸ್ತ್ರೀಯರ ಸ್ಥಿತಿ ಮೊದಲಾದ ವಿಷಯಗಳ ಮೇಲೆ ಓದಿದ ಲೇಖನಗಳನ್ನು ಸಭೆಯು ಅಚ್ಚು ಹಾಕಿಸಿತು. ಬಂಗಾಳಿ ಭಾಷೆಯನ್ನು ಚೆನ್ನಾಗಿ ಕಲಿಯುವುದರ ಆವಶ್ಯಕತೆಯನ್ನು ಕುರಿತು ಬಂಗಾಳಿಯಲ್ಲಿಯೇ ಬರೆದ ಲೇಖನವೂ ಅವುಗಳಲ್ಲಿ ಉಂಟು. ಹತ್ತು ವರ್ಷಗಳಲ್ಲಿ ಆ ಗುಂಪಿನ ಮನಸ್ಸು ಯಾವ ಕಡೆಗೆ ತಿರುಗುತ್ತಿತ್ತೆಂಬುದಕ್ಕೆ ಇದು ಸಾಕ್ಷಿ.

ಈ ಸಭೆಯ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾಗದು. ೧೮೪೩ರ ಫೆಬ್ರವರಿ ೮ರಂದು ಹಿಂದೂ ಕಾಲೇಜಿನ ಸಭಾಂಗಣದಲ್ಲಿ ದಕ್ಷಿಣಾರಂಜನ ಮುಖರ್ಜಿಯವರು ಕಂಪನಿಯ ಕ್ರಿಮಿನಲ್ ನ್ಯಾಯಾಸ್ಥಾನಗಳ ಮತ್ತು ಪೋಲೀಸಿನ ಸ್ಥಿತಿಯನ್ನು ಕುರಿತು ಲೇಖನವನ್ನು ಓದುತ್ತಿದ್ದರು. ಕಾಲೇಜಿನ ಪ್ರಿನ್ಸಿಪಾಲನಾದ ಕ್ಯಾಪ್ಟನ್ ರಿಚರ್ಡ್‌ಸನ್ ನಡುವೆ ಎದ್ದು, ಈ ಸ್ಥಳವು ರಾಜದ್ರೋಹದ ಗುಹೆಯಾಗುವುದಕ್ಕೆ ತಾನು ಬಿಡುವುದಿಲ್ಲವೆಂದು ಆಕ್ಷೇಪಿಸಿದನು. ಈತನು ಷೇಕ್ಸ್‌ಪಿಯರನ ಪಾಠವನ್ನು ಮನಮುಟ್ಟುವಂತೆ ಹೇಳುವನೆಂದು ಹೆಸರಾದವನು; ಸಭೆಯಲ್ಲಿದ್ದವರಲ್ಲಿ ಅನೇಕರು ಅವನ ಶಿಷ್ಯರೇ. ಅಧ್ಯಕ್ಷಪೀಠದಲ್ಲಿದ್ದ ತಾರಾಚಂದರು, ಈ ವೇಳೆಯಲ್ಲಿ ರಿಚರ್ಡ್‌ಸನ್ನನು ಸಭೆಗೆ ಬಂದ ಅತಿಥಿಯೇ ಹೊರತು ಬೇರೆಯಲ್ಲವೆಂದೂ, ಓದುವವರನ್ನು ತಡೆದುದು ಸಭೆಗೆ ಮಾಡಿದ ಅಪಮಾನವೆಂದೂ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ವಿಷಯವನ್ನು ಕಾಲೇಜಿನ ಆಡಳಿತ ಸಮಿತಿಗೂ, ಅಗತ್ಯ ಬಿದ್ದರೆ ಸರ್ಕಾರಕ್ಕೂ ತಿಳಿಸಬೇಕಾಗುವುದೆಂದೂ ಶಾಂತವಾಗಿ ಹೇಳಿದರು. ಕಾಲೇಜಿನ ಕಟ್ಟಡದೊಳಗೆ ಕೂಡಿದ ಸಭೆಯು ಯಾರದು—ಕಾಲೇಜಿನದೇ, ಸಭಾಸದರದೇ? ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಸಿಕ್ಕ ಮೊದಲ ಸ್ಪಷ್ಟವಾದ ಉತ್ತರಗಳಲ್ಲಿ ಇದೊಂದು. ಸಭೆಯು ಆ ಮೇಲೆ ಬೇರೆ ಸ್ಥಳವನ್ನು ಹುಡುಕಿಕೊಳ್ಳಬೇಕಾಯಿತೆಂಬುದು ನಿಜ. ಅದೇ ಏಪ್ರಿಲಿನಲ್ಲಿ 'ಬೆಂಗಾಲ್ ಬ್ರಿಟಿಷ್ ಇಂಡಿಯಾ ಸೊಸೈಟಿ' ಎಂಬ ರಾಜಕೀಯ ಸಂಸ್ಥೆಯು ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಈ ಗುಂಪಿನವರು ಮುಖ್ಯರು.

ಮುಂಬಯಿಗೆ ಬಂದರೆ ಚಿತ್ರವು ಬೇರೆಯಾಗುತ್ತದೆ. ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ೧೮೪೮ರ ಜೂನಿನಲ್ಲಿ ಪ್ರೊಫೆಸರ್ ಪ್ಯಾಟನ್ನನ ಪ್ರೋತ್ಸಾಹದಿಂದ 'ಸ್ಟೂಡೆಂಟ್ಸ್ ಲಿಟರರಿ ಅಂಡ್ ಸಯಂಟಿಫಿಕ್ ಸೊಸೈಟಿ' ಎಂಬ ವಿದ್ಯಾರ್ಥಿಸಭೆಯು ಪ್ರಾರಂಭವಾಯಿತು. ಆಗ ಇಪ್ಪತ್ತಮೂರನೆಯ ವಯಸ್ಸಿಗೆ ಕಾಲಿಡುತ್ತಿದ್ದ ದಾದಾಭಾಯಿ ನವರೋಜಿಯವರು ಅದರ ಮುಖ್ಯ ಕಾರ್ಯಕರ್ತರಲ್ಲೊಬ್ಬರು. ಮುಂಬಯಿಯ ವಿದ್ಯಾರ್ಥಿಗಳು ಒಂದೇ ಭಾಷೆಯವರಲ್ಲ: ಪಾರ್ಸಿಗಳೂ ಗುಜರಾತಿ ಹಿಂದೂಗಳೂ ಮರಾಠಿಗರೂ ಒಂದೇ ಬೆಂಚಿನಲ್ಲಿ ಕುಳಿತಿದ್ದರು. ಆದಕಾರಣ ಕಲ್ಕತ್ತೆಯವರಂತೆ ಒಂದೇ ದೇಶಭಾಷೆಯ ನಿಯಮವನ್ನು ಇಲ್ಲಿ ಮಾಡುವಂತಿರಲಿಲ್ಲ. ಇವರು ಕಂಡುಕೊಂಡ ಉಪಾಯವು ಸರಳವಾದುದು. ಮೂಲಸಭೆಯು ಇಂಗ್ಲಿಷಿನಲ್ಲಿ ನಡೆಯಲಿ. ಅದರ ಕೊಂಬೆಗಳಾಗಿ ಗುಜರಾತಿಯಲ್ಲೊಂದು, ಮರಾಠಿಯಲ್ಲೊಂದು ಜ್ಞಾನಪ್ರಸಾರಕ ಮಂಡಳಿಯು ಇರಲಿ ಎಂದು ಗೊತ್ತುಮಾಡಿದರು. ಅದೇ ೧೮೪೮ರಲ್ಲಿಯೇ ಈ ಶಾಖೆಗಳು ಹುಟ್ಟಿದವು. ಮರಾಠಿ ಶಾಖೆಯ ಮೊದಲ ಅಧ್ಯಕ್ಷರು ವ್ಯಾಕರಣಕಾರರಾದ ದಾದೋಬಾ ಪಾಂಡುರಂಗರು. ೧೮೫೦ರಲ್ಲಿ ಪ್ರಾರಂಭವಾದ 'ಮರಾಠೀ ಜ್ಞಾನಪ್ರಸಾರಕ' ಮಾಸಪತ್ರಿಕೆಯು ೧೮೬೭ರವರೆಗೆ ನಡೆಯಿತು. ವಿದ್ಯಾರ್ಥಿಸಭೆಯೊಂದರಿಂದ ಹುಟ್ಟಿದ ಪತ್ರಿಕೆಯು ಹದಿನೇಳು ವರ್ಷ ಬಾಳಿದುದು ಇಂದಿಗೂ ಅಪರೂಪವೇ.

ಇಂಗ್ಲಿಷಿನ ಸಭೆಯಲ್ಲಿ ೧೮೪೯ರಲ್ಲಿ ಬೆಹರಾಮ್‌ಜಿ ಗಾಂಧಿ ಎಂಬ ಸದಸ್ಯರು ಸ್ತ್ರೀವಿದ್ಯಾಭ್ಯಾಸವನ್ನು ಕುರಿತು ಪ್ರಬಂಧವನ್ನು ಓದಿದರು. ಸ್ತ್ರೀವಿದ್ಯಾಭ್ಯಾಸವು ಆವಶ್ಯಕವೆಂದು ಒಂದು ಸಭೆಯು ಒಪ್ಪಿ ಕೈತಟ್ಟಿ ಚದರಿಹೋಗುವುದಕ್ಕೆ ಕಷ್ಟವೇನೂ ಇಲ್ಲ. ಪ್ಯಾಟನ್ನನು ಹಾಗೆ ಬಿಡಲಿಲ್ಲ. ಮಾತನ್ನು ಕೃತಿಗೆ ತರಬೇಕೆಂದು ಒತ್ತಾಯಪಡಿಸಿದನು. ದಾದಾಭಾಯಿಯವರೂ ಅವರ ಸಂಗಡಿಗರೂ ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕಳುಹಿಸಿರೆಂದು ತಂದೆಯರನ್ನು ಬೇಡಿಕೊಂಡರು. ಮೆಟ್ಟಿಲಿನಿಂದ ಕೆಳಕ್ಕೆ ತಳ್ಳುವೆವೆಂದು ಬೆದರಿಸಿದವರೂ ಇದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಶಾಲೆಗಳು ತೆರೆದಾಗ ಸೇರಿದವರು ೪೪ ಮಂದಿ ಪಾರ್ಸಿ ಹುಡುಗಿಯರು, ೨೪ ಮಂದಿ ಹಿಂದೂ ಹುಡುಗಿಯರು. ಬೆಳಗಿನ ಹೊತ್ತು ತಾವು ಕಾಲೇಜಿಗೆ ಹೋಗುವುದಕ್ಕೆ ಮುಂಚೆ ಸಭೆಯ ಸದಸ್ಯರೇ ಸಂಬಳವಿಲ್ಲದೆ ಪಾಠ ಹೇಳಿದರು. ಕೆಲವು ತಿಂಗಳು ಕಳೆದು ಕೆಲಸವು ನಿಲ್ಲುವಂತೆ ಕಂಡ ಮೇಲೆಯೇ ಕಾಮಾ ಮನೆತನದವರ ಧನಸಹಾಯವೂ ಜಗನ್ನಾಥ ಶಂಕರಸೇಟರ ಸ್ಥಳಸಹಾಯವೂ ಒದಗಿದವು. ಇದು ಪಶ್ಚಿಮ ಭಾರತದ ಮೊದಲ ಬಾಲಿಕಾಪಾಠಶಾಲೆಯೆಂದು ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ಮಿಷನರಿಗಳ ಶಾಲೆಗಳು ಇಪ್ಪತ್ತು ವರ್ಷಕ್ಕೂ ಹಿಂದಿನಿಂದ ಇದ್ದವು. ಪುಣೆಯಲ್ಲಿ ಜೋತಿರಾವ್ ಫುಲೆ ಮತ್ತು ಸಾವಿತ್ರೀಬಾಯಿಯವರು ೧೮೪೮ರಲ್ಲಿಯೇ ಶಾಲೆಯನ್ನು ತೆರೆದಿದ್ದರು. ಕಾಲೇಜಿನ ವಿದ್ಯಾರ್ಥಿಗಳು ಸಂಘವಾಗಿ ನಿಂತು ನಡೆಸಿದುದೇ ಇಲ್ಲಿನ ವಿಶೇಷ.

ಈ ಶಾಲೆಗಳು ಯಾವ ಭಾಷೆಯಲ್ಲಿ ನಡೆದವು? ಗುಜರಾತಿಯಲ್ಲಿ ಮತ್ತು ಮರಾಠಿಯಲ್ಲಿ. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಓದಿದ ಸಭೆಯವರು ಮನೆಬಾಗಿಲಿನಲ್ಲಿ ತಂದೆಯೊಡನೆ ಇಂಗ್ಲಿಷಿನಲ್ಲಿ ವಾದಿಸುವಂತಿರಲಿಲ್ಲ. ಏಳು ವರ್ಷದ ಹುಡುಗಿಗೆ ಇಂಗ್ಲಿಷಿನಲ್ಲಿ ಅಕ್ಷರಾಭ್ಯಾಸವನ್ನು ಮಾಡಿಸುವಂತೆಯೂ ಇರಲಿಲ್ಲ. ಮಂಡಳಿಗಳಲ್ಲಿ ಮನೆಯ ಮಾತಿನಲ್ಲಿ ವಿಚಾರವನ್ನು ಹೇಳಿ ಅಭ್ಯಾಸವಾಗಿದ್ದುದು ಇಲ್ಲಿ ಕೈಹಿಡಿಯಿತು. ಇಂಗ್ಲಿಷಿನ ಮೂಲಸಭೆಯನ್ನೂ ನಾವು ಲಘುವಾಗಿ ಕಾಣಬಾರದು. ಮೂರು ಭಾಷೆಯವರು ಒಂದೆಡೆ ಕೂಡಿ ಮಾತನಾಡಲು ಬೇರೆ ದಾರಿಯಿರಲಿಲ್ಲ. ೧೮೮೫ರಲ್ಲಿ ಮುಂಬಯಿಯಲ್ಲಿಯೇ ಕೂಡಿದ ಕಾಂಗ್ರೆಸ್ಸಿನಲ್ಲಿ ದಾದಾಭಾಯಿಯವರು ಮದರಾಸಿನವರೊಡನೆಯೂ ಬಂಗಾಳದವರೊಡನೆಯೂ ಕೂಡಿ ಕೆಲಸಮಾಡಿದುದು ಆ ಭಾಷೆಯಲ್ಲಿಯೇ. ಒಂದು ಸಭೆ, ಎರಡು ಮಾತು ಎಂಬ ಮುಂಬಯಿಯ ಏರ್ಪಾಡು ಬಹುಶಃ ಆ ಕಾಲದಲ್ಲಿ ಸಾಧ್ಯವಾಗಿದ್ದವುಗಳಲ್ಲೆಲ್ಲ ಬುದ್ಧಿವಂತಿಕೆಯಾದುದು.

ಸಾಹಿತ್ಯದ ಅಧ್ಯಾಪಕರಿಗೆ ಹಿಡಿಸಬಹುದಾದ ಇನ್ನೊಂದು ಸಂಗತಿಯೂ ಈ ಕಾಲೇಜಿನಿಂದಲೇ ಬಂದಿತು. ೧೮೩೩ರಲ್ಲಿ ಸೂರತ್ತಿನಲ್ಲಿ ಹುಟ್ಟಿ ಎಲ್ಫಿನ್‌ಸ್ಟನ್ನಿನಲ್ಲಿ ಓದುತ್ತಿದ್ದ ನರ್ಮದಾಶಂಕರನು—ಮುಂದೆ ಕವಿ ನರ್ಮದನೆಂದು ಹೆಸರಾದವನು—ಗೆಳೆಯರೊಡನೆ ಬುದ್ಧಿವರ್ಧಕ ಸಭೆಯನ್ನು ಕಟ್ಟಿ, ೧೮೫೦-೫೧ರ ಸುಮಾರಿನಲ್ಲಿ ಅದರಲ್ಲಿ ಒಂದು ಉಪನ್ಯಾಸವನ್ನು ಮಾಡಿದನು. ಆಧುನಿಕ ಗುಜರಾತಿಯ ಮೊದಲನೆಯ ಪ್ರಬಂಧವೆಂದು ಆ ಸಾಹಿತ್ಯದವರು ಎಣಿಸುವುದು ಇದನ್ನೇ. ಅದರ ವಿಷಯ: ಮಂಡಳಿಗಳಲ್ಲಿ ಕೂಡುವುದರಿಂದ ಆಗುವ ಲಾಭ. ಒಂದು ಭಾಷೆಯ ಹೊಸ ಗದ್ಯವು ಹುಟ್ಟಿದುದು ವಿದ್ಯಾರ್ಥಿಯೊಬ್ಬನು ವಿದ್ಯಾರ್ಥಿಗಳ ಸಭೆಯಲ್ಲಿ ಸಭೆಯನ್ನೇ ಕುರಿತು ಮಾತನಾಡಿದಾಗ. ಹದಿನೇಳು ಹದಿನೆಂಟು ವರ್ಷದ ಆ ತರುಣನು ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದರೆ ಅದು ಸಾವಿರಾರು ಕಾಲೇಜು ಪ್ರಬಂಧಗಳಲ್ಲಿ ಒಂದಾಗಿ ಕಳೆದುಹೋಗುತ್ತಿತ್ತು.

ಈ ಹೊಗಳಿಕೆಗೆ ಒಂದು ಮಿತಿಯನ್ನು ಹಾಕಬೇಕು. ಸ್ತ್ರೀವಿದ್ಯಾಭ್ಯಾಸದ ಪ್ರಬಂಧವನ್ನು ಓದಿದವನು ಗಂಡಸು, ಕೇಳಿದವರು ಗಂಡಸರು, ಕಲಿಸಿದವರೂ ಗಂಡಸರು. ಆ ಅರವತ್ತೆಂಟು ಹುಡುಗಿಯರಲ್ಲಿ ಒಬ್ಬಳಾದರೂ ಬೆಳೆದ ಮೇಲೆ ಆ ಸಭೆಯಲ್ಲಿ ಎದ್ದು ಮಾತನಾಡುವಂತಿರಲಿಲ್ಲ. ಕಾಲೇಜಿನ ಬಾಗಿಲೇ ಅವರಿಗೆ ತೆರೆದಿರಲಿಲ್ಲ. ಕಲ್ಕತ್ತೆಯಲ್ಲಿ ಸ್ತ್ರೀಯರು ಪದವಿಯನ್ನು ಪಡೆದುದು ೧೮೮೩ರಲ್ಲಿ. ದೇಶಭಾಷೆಯನ್ನು ಆರಿಸಿಕೊಂಡ ಸಭೆಗಳೂ ಮೇಲ್ಜಾತಿಯ, ಅನುಕೂಲವುಳ್ಳ ಮನೆತನಗಳ ಹುಡುಗರವೇ. ಭಾಷೆಯು ಗೋಡೆಯಲ್ಲಿ ಒಂದು ಬಾಗಿಲನ್ನು ತೆರೆಯಿತು. ಬೇರೆ ಗೋಡೆಗಳು ಇದ್ದ ಹಾಗೆಯೇ ಇದ್ದವು.

ಈಗ ಕನ್ನಡನಾಡಿನ ವಿಷಯಕ್ಕೆ ಬರೋಣ. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೂ, ೧೮೬೨ರಿಂದ ಉತ್ತರ ಕನ್ನಡವೂ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದವು. ಅಲ್ಲಿನ ಹುಡುಗರು ಉಚ್ಚ ವಿದ್ಯಾಭ್ಯಾಸಕ್ಕಾಗಿ ಮುಂಬಯಿಗೋ ಪುಣೆಗೋ ಹೋಗಬೇಕಾಗಿತ್ತು. ೧೮೫೫ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರಕರರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿಯೇ ಓದಿದವರು. ಆದರೆ ೧೮೪೮ರ ಸಭೆಗೆ ಇದ್ದುದು ಗುಜರಾತಿಯ ಮತ್ತು ಮರಾಠಿಯ ಕೊಂಬೆಗಳೇ. ಕನ್ನಡದ ಹುಡುಗನು ಅಂತಹ ಸಭೆಗೆ ಹೋದರೆ ಇಂಗ್ಲಿಷಿನಲ್ಲಿ ಮಾತನಾಡಬೇಕು, ಇಲ್ಲವೆ ಮರಾಠಿಯಲ್ಲಿ. ಊರಿಗೆ ಹಿಂದಿರುಗಿದ ಮೇಲೆ ಕಛೇರಿಯಲ್ಲಿಯೂ ಅನೇಕ ಶಾಲೆಗಳಲ್ಲಿಯೂ ಮರಾಠಿಯೇ. ಡೆಪ್ಯುಟಿ ಚನ್ನಬಸಪ್ಪನವರು ಆ ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲು ಪಟ್ಟ ಶ್ರಮವನ್ನು ಈ ಪುಟಗಳ ವಾಚಕರಿಗೆ ವಿವರಿಸಬೇಕಾಗಿಲ್ಲ. ೧೮೯೦ರ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರೂ ಅವರ ಮಿತ್ರರೂ ಧಾರವಾಡದಲ್ಲಿ ಕರ್ಣಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದಾಗ ಅಲ್ಲಿ ಕಾಲೇಜೇ ಇರಲಿಲ್ಲ. ಕರ್ಣಾಟಕ ಕಾಲೇಜು ಬಂದುದು ೧೯೧೭ರಲ್ಲಿ. ಮುಂಬಯಿಯಲ್ಲಿ ಕಾಲೇಜಿನ ಒಳಗಿನಿಂದ ಹೊರಕ್ಕೆ ಹರಿದ ಕೆಲಸವು ಇಲ್ಲಿ ಹೊರಗೆ, ಪದವೀಧರರ ನಡುವೆ ಹುಟ್ಟಿ, ಕಾಲೇಜಿಗಾಗಿ ಇಪ್ಪತ್ತೇಳು ವರ್ಷ ಕಾಯಬೇಕಾಯಿತು.

ಮೈಸೂರು ಸಂಸ್ಥಾನದಲ್ಲಿ ಕಾಲೇಜುಗಳು ಮೊದಲೇ ಇದ್ದವು. ಬೆಂಗಳೂರಿನಲ್ಲಿ ೧೮೫೮ರಲ್ಲಿ ಹೈಸ್ಕೂಲಾಗಿ ಪ್ರಾರಂಭವಾದುದು ಸೆಂಟ್ರಲ್ ಕಾಲೇಜಾಗಿ ಬೆಳೆದಿತ್ತು. ಮೈಸೂರಿನಲ್ಲಿ ಮಹಾರಾಜಾ ಕಾಲೇಜು ಇತ್ತು. ಎರಡೂ ೧೯೧೬ರವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿದ್ದವು. ಕನ್ನಡವು ಅಲ್ಲಿ ಮುಖ್ಯ ವಿಷಯವಾಗಿರಲಿಲ್ಲ. ಪದವಿಗೆ ಓದುವವನ ವ್ಯಾಸಂಗದ ಅಂಚಿನಲ್ಲಿ ಇದ್ದಿತಷ್ಟೆ. ಬಿ. ಎಂ. ಶ್ರೀಕಂಠಯ್ಯನವರು ೧೯೧೧ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸವನ್ನು ಮಾಡಿದಾಗ ಅವರು ಇಂಗ್ಲಿಷಿನ ಅಧ್ಯಾಪಕರು. ಇಂತಹ ಸ್ಥಿತಿಯಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ಕರ್ಣಾಟಕ ಸಂಘವು ಹುಟ್ಟಿತು. ೧೯೧೮-೧೯ರ ಸುಮಾರಿನಲ್ಲಿ ಆ ಸಂಘದಿಂದ 'ಪ್ರಬುದ್ಧ ಕರ್ಣಾಟಕ' ಎಂಬ ತ್ರೈಮಾಸಿಕವು ಹೊರಟಿತು.

ಈ ತಾರೀಖನ್ನು ಇನ್ನೊಂದು ತಾರೀಖಿನ ಪಕ್ಕದಲ್ಲಿಟ್ಟು ನೋಡಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಎಂ. ಎ. ತರಗತಿಯು ಪ್ರಾರಂಭವಾದುದು ೧೯೨೭ರಲ್ಲಿ. ಅಂದರೆ ಕಾಲೇಜಿನ ಸಂಘವು ಪಾಂಡಿತ್ಯಪೂರ್ಣವಾದ ಕನ್ನಡ ಪತ್ರಿಕೆಯನ್ನು ನಡೆಸಲು ತೊಡಗಿ ಎಂಟು ವರ್ಷಗಳಾದ ಮೇಲೆ ವಿಶ್ವವಿದ್ಯಾನಿಲಯವು ಆ ಭಾಷೆಯನ್ನು ಉನ್ನತ ವ್ಯಾಸಂಗಕ್ಕೆ ಯೋಗ್ಯವೆಂದು ಅಂಗೀಕರಿಸಿತು. ಪಠ್ಯಕ್ರಮದಲ್ಲಿ ಸ್ಥಳವಿಲ್ಲದ ಶಾಸ್ತ್ರವು ಸಂಜೆಯ ಸಭೆಯಲ್ಲಿ ಬೆಳೆಯಿತು. ಶಾಸನ, ಛಂದಸ್ಸು, ಹಳಗನ್ನಡದ ಪಾಠಗಳು, ಹೊಸ ಕವಿತೆ, ಗ್ರಂಥವಿಮರ್ಶೆ—ಇವನ್ನು ವಿದ್ಯಾರ್ಥಿಯು ಮೊದಲು ಕೇಳಿದುದು ಸಂಘದಲ್ಲಿ. ಪರೀಕ್ಷೆಯ ವಿಷಯವಾಗಿ ಓದಿದುದು ಆ ಮೇಲೆ. ಕನ್ನಡ ಅಧ್ಯಯನದ ಚರಿತ್ರೆಯನ್ನು ೧೯೨೭ರಿಂದ ಪ್ರಾರಂಭಿಸುವ ನಮ್ಮ ರೂಢಿಯು ಈ ಕಾರಣದಿಂದ ತಿದ್ದಿಕೊಳ್ಳತಕ್ಕದ್ದು.

ಸಂಘವು ಆಗ ಯಾವ ಗಾಳಿಗೆ ಎದುರಾಗಿ ನಿಂತಿತ್ತೆಂಬುದನ್ನು ತಿಳಿಯಲು ಕೆ. ವಿ. ಪುಟ್ಟಪ್ಪನವರ ವಿದ್ಯಾರ್ಥಿದೆಸೆಯ ಪ್ರಸಂಗವೊಂದೇ ಸಾಕು. ಅವರು ಮೊದಲು ಕವಿತೆ ಬರೆದುದು ಇಂಗ್ಲಿಷಿನಲ್ಲಿ. ೧೯೨೨ರಲ್ಲಿ ಆ ಕವಿತೆಗಳ ಸಣ್ಣ ಪುಸ್ತಕವೂ ಅಚ್ಚಾಗಿತ್ತು. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರು ಅವನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏನನ್ನು ಬರೆದಿದ್ದೀರಿ ಎಂದು ಕೇಳಿ, ಕನ್ನಡದಲ್ಲಿ ಬರೆಯುವಂತೆ ಹೇಳಿದರು. ಮಲೆನಾಡಿನಿಂದ ಬಂದ ವಿದ್ಯಾರ್ಥಿಗೆ ಇದನ್ನು ಹೊರದೇಶದವರೊಬ್ಬರು ಹೇಳಬೇಕಾಗಿ ಬಂದಿತೆಂಬುದು ನಗುವಿನ ಮಾತೂ ಅಹುದು, ನೋವಿನ ಮಾತೂ ಅಹುದು. ಕೆಲವೇ ವರ್ಷಗಳಲ್ಲಿ ಅದೇ ಊರಿನ ಮಹಾರಾಜಾ ಕಾಲೇಜಿನ ಕರ್ಣಾಟಕ ಸಂಘವು 'ಕಿರಿಯ ಕಾಣಿಕೆ', 'ತಳಿರು' ಎಂಬ ಸಂಕಲನಗಳಲ್ಲಿ ತರುಣರ ಕನ್ನಡ ಕವಿತೆಗಳನ್ನು ಪ್ರಕಟಿಸಿತು. ಟಿ. ಎಸ್. ವೆಂಕಣ್ಣಯ್ಯನವರಂತಹ ಗುರುಗಳು ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಪುಟ್ಟಪ್ಪನವರು ೧೯೨೯ರಲ್ಲಿ ಕನ್ನಡದ ಎಂ. ಎ. ಪದವಿಯನ್ನು ಪಡೆದು ಅಲ್ಲಿಯೇ ಅಧ್ಯಾಪಕರಾದರು.

ಗುರುಗಳ ಮಾತು ಬಂದುದರಿಂದ ಒಂದು ಅಂಶವನ್ನು ಸೇರಿಸಬೇಕು. ಭಾಷೆಯೊಂದರಿಂದಲೇ ಎಲ್ಲವೂ ಆಯಿತೆಂದು ನಮ್ಮ ಅಭಿಪ್ರಾಯವಲ್ಲ. ವಿದ್ಯಾರ್ಥಿಯು ಕಾಲೇಜಿನಲ್ಲಿ ಇರುವುದು ಮೂರು ನಾಲ್ಕು ವರ್ಷ. ಅಷ್ಟರಲ್ಲಿ ಅವನು ಸಭೆಗೆ ಸೇರಿ, ನಿಯಮಗಳನ್ನು ಅರಿತು, ಕಾರ್ಯದರ್ಶಿಯಾಗುವ ಹೊತ್ತಿಗೆ ಹೊರಡುವ ಕಾಲ ಬರುತ್ತದೆ. ಸಭೆಗೆ ನೆನಪೆಂಬುದು ಇರಬೇಕಾದರೆ ಅದು ಅಲ್ಲಿ ಉಳಿಯುವ ಒಬ್ಬ ಅಧ್ಯಾಪಕನಲ್ಲಿ ಇರಬೇಕು. ಡಿರೋಜಿಯೋ ಹೋದ ಮೇಲೆ ಹೇರನು ಕೆಲವು ವರ್ಷ ಆ ಸಭೆಯನ್ನು ಎತ್ತಿಹಿಡಿದನಾದರೂ ಅದು ಮೊದಲಿನ ಕಳೆಯನ್ನು ಮರಳಿ ಪಡೆಯಲಿಲ್ಲ. ಕೃಷ್ಣಶಾಸ್ತ್ರಿಗಳು ಪತ್ರಿಕೆಯ ಹೊರೆಯನ್ನು ವರ್ಷಗಟ್ಟಲೆ ಹೊತ್ತರು. ಮುಂದೆ ಅದನ್ನು ವಿಶ್ವವಿದ್ಯಾನಿಲಯವು ವಹಿಸಿಕೊಂಡಿತು. ಇದರಿಂದ ಪತ್ರಿಕೆಗೆ ಆಯುಸ್ಸು ಬಂದಿತು. ಆದರೆ ವಿದ್ಯಾರ್ಥಿಗಳ ಕೈಯಿಂದ ಅದು ಜಾರಿತೆಂಬುದನ್ನೂ ಹೇಳಬೇಕು. ಹೀಗೆ ಬಲಿತ ಮಗುವು ಮನೆಬಿಟ್ಟು ಹೋದ ಮೇಲೆ ಸಂಘಕ್ಕೆ ಹೊಸ ಕೆಲಸವನ್ನು ಹುಡುಕಬೇಕಾಗುತ್ತದೆ. ಜಿ. ಪಿ. ರಾಜರತ್ನಂ ಅವರು ಬೆಂಗಳೂರಿನಲ್ಲಿ ವಿದ್ಯಾರ್ಥಿಗಳ ಬರವಣಿಗೆಯನ್ನು ಪ್ರೋತ್ಸಾಹಿಸುವುದನ್ನೇ ಒಂದು ವ್ರತವಾಗಿ ಮಾಡಿಕೊಂಡಿದ್ದರು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ೧೯೭೨ರಲ್ಲಿ ಪ್ರಾರಂಭವಾದ ಕನ್ನಡ ಸಂಘವು ಚಿ. ಶ್ರೀನಿವಾಸರಾಜು ಅವರ ದುಡಿಮೆಯಿಂದ ವಿದ್ಯಾರ್ಥಿಗಳ ಕವಿತೆಗಳನ್ನು ಪುಸ್ತಕಗಳಾಗಿ ಹೊರತಂದಿತು. ಇಲ್ಲಿಯೂ ಒಬ್ಬರೇ ಅಧ್ಯಾಪಕರ ನೆನಪು ಸಂಘದ ನೆನಪಾಗಿತ್ತು.

ಇನ್ನು ಆಧಾರಗಳ ಮಾತು. ಡಿರೋಜಿಯೋವಿನ ಸಭೆಯನ್ನು ಕುರಿತು ನಾವು ಅವಲಂಬಿಸಬೇಕಾಗಿರುವುದು ಪ್ಯಾರೀಚಂದ ಮಿತ್ರರು ೧೮೭೭ರಲ್ಲಿ ಪ್ರಕಟಿಸಿದ ಹೇರನ ಜೀವನಚರಿತ್ರೆಯಂತಹ, ಎಷ್ಟೋ ಕಾಲದ ಮೇಲೆ ಬರೆದಿಟ್ಟ ನೆನಪುಗಳನ್ನು. ಅದಕ್ಕೆ ಪ್ರತಿಯಾಗಿ ೧೮೩೮ರ ಸಭೆಯವರು ತಮ್ಮ ಲೇಖನಗಳನ್ನು ತಾವೇ ಅಚ್ಚು ಹಾಕಿಸಿದುದರಿಂದ, ಗೌತಮ ಚಟ್ಟೋಪಾಧ್ಯಾಯರು ೧೯೬೫ರಲ್ಲಿ ಅವುಗಳಲ್ಲಿ ಆಯ್ದವನ್ನು ಮತ್ತೆ ಸಂಪಾದಿಸಿ ಕೊಡುವುದು ಸಾಧ್ಯವಾಯಿತು. ಆ ಹುಡುಗರ ಮಾತನ್ನು ಅವರ ಬಾಯಿಂದಲೇ ನಾವು ಕೇಳಬಹುದು. ನಮ್ಮ ಕರ್ಣಾಟಕ ಸಂಘಗಳ ಪತ್ರಿಕೆಗಳು ಗ್ರಂಥಭಂಡಾರಗಳಲ್ಲಿ ಉಳಿದಿರುವುವು. ಆದರೆ ಪತ್ರಿಕೆಯಲ್ಲಿ ಕಾಣುವುದು ಆರಿಸಿ ತಿದ್ದಿದ ಲೇಖನ. ಸಭೆಯಲ್ಲಿ ಯಾರು ಎದ್ದು ಆಕ್ಷೇಪಿಸಿದರು, ಯಾವ ಸಂಜೆ ಮಳೆ ಬಂದು ಐದೇ ಜನ ಕೂಡಿದರು, ಚಂದಾಹಣವೆಷ್ಟು ಬಾಕಿ ನಿಂತಿತು, ಮೊದಲ ಹೆಣ್ಣುಮಗಳು ಯಾವ ವರ್ಷ ವೇದಿಕೆಯನ್ನು ಹತ್ತಿದಳು—ಇವೆಲ್ಲ ಇರತಕ್ಕದ್ದು ಕಾರ್ಯದರ್ಶಿಯ ನಡವಳಿಕೆಯ ಪುಸ್ತಕದಲ್ಲಿ. ಹಳೆಯ ಕಾಲೇಜುಗಳಲ್ಲಿ ಪಾಠಹೇಳುವ ವಾಚಕರು ತಮ್ಮ ವಿಭಾಗದ ಕಪಾಟುಗಳ ಕೆಳಗಣ ಅರೆಯನ್ನು ಒಮ್ಮೆ ತೆಗೆದು ನೋಡಬೇಕೆಂದೂ, ಅಂತಹ ಪುಸ್ತಕವು ದೊರೆತಲ್ಲಿ ಹುಳು ಹಿಡಿಯುವುದಕ್ಕೆ ಮುಂಚೆ ಅದರ ಪ್ರತಿಯನ್ನು ಮಾಡಿಡಬೇಕೆಂದೂ ಪ್ರಾರ್ಥಿಸುವೆವು.